ಬೆನ್ನಿನ ಬರಹ

ಗಡಿಯಾರದ ಗುರುತನ್ನು ಅದರ ಮುಖದಲ್ಲಿ ಹುಡುಕುವುದು ಲೋಕದ ರೂಢಿ. ಆದರೆ ಸ್ಮಾರ್ಟ್‌ವಾಚಿನ ಮುಖ ಬಹುರೂಪಿಯ ವೇಷದಂತೆ. ಒಡೆಯನ ಇಚ್ಛೆಗೆ ತಕ್ಕಂತೆ ಗಳಿಗೆಗೊಮ್ಮೆ ಬದಲಾಗುವುದು. ಮಾದರಿಯನ್ನು ಅರಿಯಬೇಕಾದವನು ಅದರ ಬೆನ್ನನ್ನು ಓದಬೇಕು. 2015ರ ಮೊದಲ ಆಪಲ್ ವಾಚಿನ ಅಲ್ಯೂಮಿನಿಯಂ ಮಾದರಿಯೂ 2016ರ ‘ಸೀರೀಸ್ 1’ ಗಡಿಯಾರವೂ ನೋಟಕ್ಕೆ ಅವಳಿಗಳು. ಆದರೂ 2018ರಲ್ಲಿ ಬಂದ ಹೊಸ ತಂತ್ರಾಂಶವು ಎರಡನೆಯದಕ್ಕೆ ಒಗ್ಗಿತು, ಮೊದಲನೆಯದಕ್ಕೆ ಒಗ್ಗಲಿಲ್ಲ. ಒಂದನ್ನು ಇನ್ನೊಂದೆಂದು ನಂಬಿ ಹಳೆಯದನ್ನು ಕೊಂಡವನ ಹಣಕ್ಕೆ ಹೊಣೆ ಯಾರು? ವಿಚಿತ್ರವೆಂದರೆ, ಆ ಮೊದಲನೆಯದರ ಬೆನ್ನಮೇಲೆ ‘7000 ಸೀರೀಸ್’ ಎಂಬ ಬರಹವುಂಟು! ಅದು ಮಾದರಿಯ ಸಂಖ್ಯೆಯಲ್ಲ, ಮಿಶ್ರಲೋಹದ ವರ್ಗ. ಸಾವಿರಾರು ರೂಪಾಯಿ ಪಡೆಯುವ ತಯಾರಕರು ಮಾದರಿಯ ಹೆಸರನ್ನೂ ಅದು ಹೊರಬಂದ ವರ್ಷವನ್ನೂ ಬರಿಗಣ್ಣಿಗೆ ಕಾಣುವಂತೆ ಕೆತ್ತಿಸಲಿ. ಇರುವೆಯ ಸಾಲಿನಂಥ ಅಕ್ಷರಗಳನ್ನು ಕೊಳ್ಳುವವನೇ ಭೂತಗನ್ನಡಿ ಹಿಡಿದು ಓದಿಕೊಳ್ಳಲಿ ಎಂಬುದು ವ್ಯಾಪಾರಧರ್ಮವಲ್ಲ.