ಬಯಲಿನ ಚಿತ್ರ

ತರೀಕೆರೆಯ ಏರಿಯ ಮೇಲಣ ಕರಿಯ ಕುರಿಮರಿಗಳ ಪರಿಚಯವಿಲ್ಲದ ಕನ್ನಡದ ಮಕ್ಕಳು ವಿರಳ. ನಾಲಿಗೆಯನ್ನು ತೊಡರಿಸುವ ಆ ಮಾತನ್ನು ವೇಗವಾಗಿ ಹೇಳಹೋಗಿ ಸೋತು ನಗುವವರು, ಅದರೊಳಗೆ ಸೊಗಸಾದ ಚಿತ್ರವೊಂದು ಅಡಗಿರುವುದನ್ನು ಗಮನಿಸುವುದಿಲ್ಲ. ಕೆರೆಯ ಏರಿ ಒಂದು ಗೆರೆ, ಅದರ ಮೇಲೆ ಮೂರು ಕಪ್ಪು ಚುಕ್ಕೆಗಳು, ಉಳಿದುದೆಲ್ಲ ಆಕಾಶ. ಮಿನಿಮಲಿಸ್ಟ್ ಛಾಯಾಗ್ರಹಣವೆಂದು ಹೆಸರಾಗಿರುವ, ಕನ್ನಡದಲ್ಲಿ ಮಿತಚಿತ್ರಣವೆಂದು ಕರೆಯಬಹುದಾದ ಹವ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ದೊರೆಯಲಾರದು.

ಹೊಸದಾಗಿ ಕ್ಯಾಮರಾ ಹಿಡಿದವನು ಕಂಡುದನ್ನೆಲ್ಲ ಚೌಕಟ್ಟಿನೊಳಗೆ ತುಂಬಲು ಹವಣಿಸುತ್ತಾನೆ. ಫಿಲ್ಮಿನ ಕಾಲದಲ್ಲಿ ಸುರುಳಿಯೊಂದಕ್ಕೆ 36 ಚಿತ್ರಗಳಷ್ಟೇ ಇದ್ದುದರಿಂದ ಜೇಬೇ ಸ್ವಲ್ಪಮಟ್ಟಿಗೆ ಸಂಯಮವನ್ನು ಕಲಿಸುತ್ತಿತ್ತು. ಈಗ ಮೊಬೈಲಿನಲ್ಲಿ ಆ ಗುರುವೂ ಇಲ್ಲ. ಮಿತಚಿತ್ರಣದಲ್ಲಿ ಕೆಲಸವೇ ತಿರುಗುಮುರುಗು: ಬೇಡವಾದುದನ್ನು ಒಂದೊಂದಾಗಿ ಹೊರಗಿಡುತ್ತ ಹೋಗುವುದು. 1953ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಮೈಕೇಲ್ ಕೆನ್ನಾ ಎಂಬ ಕಲಾವಿದರು ಜಪಾನಿನ ಹೊಕ್ಕೈಡೊ ದ್ವೀಪದ ಒಂಟಿ ಮರಗಳನ್ನು ಕಪ್ಪು ಬಿಳುಪಿನಲ್ಲಿ ಸೆರೆಹಿಡಿದು ಪ್ರಸಿದ್ಧರಾದರು. ಅಲ್ಲಿ ಬೇಡವಾದುದನ್ನು ಹಿಮವೇ ಮುಚ್ಚಿಬಿಡುತ್ತದೆ. ಕಡೂರಿನಲ್ಲಿ ಹಿಮ ಬೀಳುವುದಿಲ್ಲ. ಇಲ್ಲಿ ಆ ಕೆಲಸವನ್ನು ಚಿತ್ರಕಾರನ ಕಾಲುಗಳೇ ಮಾಡಬೇಕು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ವಿದ್ಯುತ್ ಕಂಬ ಚೌಕಟ್ಟಿನಿಂದಾಚೆ ಹೋಗುತ್ತದೆ. ಮಂಡಿಯೂರಿ ನೋಡಿದರೆ ಹಿನ್ನೆಲೆಯ ಹೊಲಗಳೆಲ್ಲ ತಗ್ಗಿ ಆಕಾಶವೊಂದೇ ಉಳಿಯುತ್ತದೆ.

ಬೀರೂರಿನಲ್ಲಿ ರೈಲುಮಾರ್ಗ ಕವಲೊಡೆದು ಒಂದು ತರೀಕೆರೆಯ ಮಲೆನಾಡಿನ ಅಂಚಿಗೂ ಇನ್ನೊಂದು ಅಜ್ಜಂಪುರದ ಬಯಲಿಗೂ ಸಾಗುತ್ತದೆ. ಅಜ್ಜಂಪುರವು ಅಮೃತಮಹಲ್ ತಳಿಯ ರಾಸುಗಳ ಸಂವರ್ಧನ ಕೇಂದ್ರವಿರುವ ಊರು. ಹಿಂದಕ್ಕೆ ಬಾಗಿ ಮೇಲೇರುವ ಅವುಗಳ ನೀಳವಾದ ಕೊಂಬುಗಳು ಮುಂಜಾನೆಯ ಮಂಜಿನಲ್ಲಿ ಎರಡು ರೇಖೆಗಳಾಗಿ ಕಂಡರೆ ಸಾಕು, ಇಡಿಯ ಹೋರಿ ಬೇಕಾಗುವುದಿಲ್ಲ. ಆದರೆ ಕ್ಯಾಮರಾದ ಬೆಳಕಿನ ಮಾಪಕ ಬಿಳಿಯ ಮಂಜನ್ನು ಕಂಡು ಮೋಸಹೋಗುತ್ತದೆ. ಎದುರಿಗಿರುವುದನ್ನೆಲ್ಲ ನಡುಬೂದಿಗೆ ಇಳಿಸುವುದು ಅದರ ಸ್ವಭಾವ. ಅದು ಸೂಚಿಸಿದುದಕ್ಕಿಂತ ಒಂದು ಸ್ಟಾಪ್, ಎಂದರೆ ಎರಡರಷ್ಟು, ಬೆಳಕನ್ನು ಕೊಟ್ಟಾಗಲೇ ಮಂಜು ಹೊಗೆಯಾಗದೆ ಮಂಜಾಗಿ ಉಳಿಯುತ್ತದೆ.

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಪರೀಕ್ಷೆ ಇನ್ನೂ ಕಠಿಣ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ನಿರ್ಮಿತವಾದ ಅಮೃತೇಶ್ವರ ದೇಗುಲದಲ್ಲಿ ಕೆತ್ತದ ಕಲ್ಲನ್ನು ಹುಡುಕುವುದೇ ಒಂದು ಸಾಹಸ. ಅಲ್ಲಿ ತಿರುಗಣೆಯ ಕಂಬವೊಂದರ ಹೊಳಪಿನ ಮೇಲೆ ಜಾರುವ ಬೆಳಕಿನ ಎಳೆಯನ್ನಷ್ಟೇ ಆರಿಸಿಕೊಂಡರೆ ಶಿಲ್ಪಿಗೆ ಅನ್ಯಾಯವಾಗದೇ ಎಂದು ಕೇಳುವವರುಂಟು. ಇಡಿಯ ಗುಡಿಯನ್ನು ಅಂಗೈಯಗಲದ ಚಿತ್ರದಲ್ಲಿ ತುರುಕುವುದು ಯಾವ ನ್ಯಾಯ?

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ಕಡೂರು ಮಳೆಯ ಅಭಾವವನ್ನು ಬಲ್ಲ ಸೀಮೆ. ಬರಗಾಲದ ವರ್ಷ ಕೆರೆಯಂಗಳ ಬಿರಿದಾಗ, ಸುಳಿ ಒಣಗಿದ ತೆಂಗು ಒಂಟಿಯಾಗಿ ನಿಂತಾಗ, ಮಿತಚಿತ್ರಕಾರನಿಗೆ ಬೇಕಾದುದೆಲ್ಲ ತಾನಾಗಿಯೇ ಸಿದ್ಧವಾಗಿರುತ್ತದೆ. ಆದರೆ ಆ ಬರಿದು ಅವನು ಆರಿಸಿದುದಲ್ಲ, ರೈತನೊಬ್ಬ ಕಳೆದುಕೊಂಡುದು. ನಾಡತೆಂಗು ಫಲ ಕೊಡಲು ಆರೇಳು ವರ್ಷಗಳು ಬೇಕು. ಅಷ್ಟೂ ವರ್ಷ ಹೊತ್ತು ಹಾಕಿದ ನೀರು ಆ ಒಣಗಿದ ಕಾಂಡದಲ್ಲಿದೆ. ಅದಕ್ಕೆ ‘ಏಕಾಂತ’ವೆಂದು ಹೆಸರಿಟ್ಟು ಗೋಡೆಗೆ ತೂಗುಹಾಕುವುದು ಕಲೆಯಲ್ಲ, ಕುರುಡು. ಹಾಗೆಂದು ಚಿತ್ರವನ್ನು ತೆಗೆಯಲೇಬಾರದೆಂದು ಹೇಳುವುದೂ ಸಲ್ಲದು. ಬಿರಿದ ನೆಲವನ್ನು ಯಾರೂ ನೋಡದಿರುವುದರಿಂದ ಯಾರಿಗೂ ಉಪಕಾರವಿಲ್ಲ. ಕ್ಯಾಮರಾ ಎತ್ತುವ ಮೊದಲು ತೋಟದವನೊಡನೆ ಕುಳಿತು ನಾಲ್ಕು ಮಾತನಾಡಬೇಕು. ಚಿತ್ರದ ಕೆಳಗೆ ಊರಿನ ಹೆಸರು, ವರ್ಷ, ಬರ ಎಂಬ ಪದ, ಇಷ್ಟನ್ನು ಬರೆಯಬೇಕು. ಮೂರು ಪದಗಳಿಂದ ಕೆಡುವ ಸರಳತೆ ಕೆಟ್ಟರೂ ನಷ್ಟವಿಲ್ಲ.

ಮಳೆ ಬಂದ ವರ್ಷ ಅದೇ ಕೆರೆಗೆ ಮರಳಿ ಹೋಗುವ ಹವ್ಯಾಸಿಗೆ ಬೇರೆಯ ಕಷ್ಟ ಕಾದಿರುತ್ತದೆ. ನೀರು, ಬೆಳ್ಳಕ್ಕಿ, ಬಟ್ಟೆ ಒಗೆಯುವವರು, ಮೀನಿನ ಬಲೆ, ಏರಿಯ ಮೇಲೆ ಮೂರಲ್ಲ, ನೂರು ಕುರಿಗಳು. ಬರಿದಾದ ಜಾಗವೆಂಬುದೇ ಇಲ್ಲ. ಆಗ ಅವನು ಮತ್ತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕಾಗುತ್ತದೆ.