ಬಿದ್ದ ಮಳೆಗೆ ಲೆಕ್ಕವಿದೆ, ಬಾನಿನ ಶಾಖಕ್ಕೆ?

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಮಳೆಯಾಶ್ರಿತ ರೈತನ ವರ್ಷ ನಿರ್ಧಾರವಾಗುವುದು ಅಶ್ವಿನಿ, ಭರಣಿ ಮಳೆಗಳಲ್ಲಿ. ಪಶ್ಚಿಮಘಟ್ಟ ಹಾಗೂ ನೀಲಗಿರಿಯ ಮಳೆನೆರಳಿನಲ್ಲಿರುವ ಈ ಭಾಗದಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಕೈಕೊಟ್ಟರೆ ಸೂರ್ಯಕಾಂತಿಯ ಬೀಜ, ಗೊಬ್ಬರಕ್ಕೆ ಸುರಿದ ಹಣ ಮಣ್ಣುಪಾಲು. ಬಿದ್ದ ಮಳೆಯನ್ನು ಅಳೆಯಲು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಮಳೆಗೆ ಮುನ್ನ ಬಾನಿನ ಸ್ಥಿತಿಯನ್ನು ಅಳೆಯುವ ಬಲೂನುಗಳು ಮಾತ್ರ ಹಾರುವುದು ದೂರದ ಬೆಂಗಳೂರು, ಮಂಗಳೂರುಗಳಿಂದ.

ಬಿಸಿಲಿಗೆ ಕಾದ ನೆಲ ತನ್ನ ಶಾಖವನ್ನು ಅವಕೆಂಪು (ಇನ್‌ಫ್ರಾರೆಡ್) ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ವಾತಾವರಣದ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅದರಲ್ಲಿ ಬಹುಪಾಲನ್ನು ಹೀರಿ, ಒಂದಂಶವನ್ನು ಕೆಳಕ್ಕೂ ಮರಳಿಸುತ್ತವೆ. ಮೇಲಿನ ಪದರ ಶಾಖ ಕಳೆದುಕೊಂಡು ತಣ್ಣಗಾದಷ್ಟೂ ಕೆಳಗಿನ ತೇವಭರಿತ ಬಿಸಿಗಾಳಿ ಮೇಲೇರುವುದು ಸುಲಭ. ಗುಡುಗು ಮೋಡ ಕಟ್ಟುವುದಕ್ಕೆ ಇದೂ ಒಂದು ಕಾರಣ.

ಈ ಲೆಕ್ಕ ಹಿಡಿಯುವ ಉಪಕರಣ ರೇಡಿಯೋಮೀಟರ್‌ಸೋಂಡ್. ಕಪ್ಪು ಬಳಿದ ಎರಡು ಮುಖಗಳಲ್ಲಿ ಒಂದು ಆಕಾಶವನ್ನೂ ಇನ್ನೊಂದು ನೆಲವನ್ನೂ ನೋಡುತ್ತದೆ. ಬಿಸಿಲು ಅಡ್ಡಬಾರದೆಂದು ರಾತ್ರಿ ವೇಳೆ ಬಲೂನಿಗೆ ಕಟ್ಟಿ ಹಾರಿಸುತ್ತಾರೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿ, ಬಳಿಕ ಭಾರತೀಯ ಹವಾಮಾನ ಇಲಾಖೆ ಸೇರಿದ ಅನ್ನಾ ಮಣಿ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲೇ ಭಾರತದ ಬಾನಿನಲ್ಲಿ ಇಂತಹ ಮಾಪನ ನಡೆಸಿದ್ದರು ಎಂಬುದು ಗಮನಾರ್ಹ.

ಉಪಗ್ರಹಗಳಿರುವಾಗ ಬಲೂನು ಏಕೆ ಎಂಬ ಪ್ರಶ್ನೆ ಸಹಜ. 2024ರ ಫೆಬ್ರುವರಿ 17ರಂದು ಉಡಾವಣೆಯಾದ ಇನ್ಸಾಟ್-3ಡಿಎಸ್‌ನಲ್ಲೂ ಅವಕೆಂಪು ಕಿರಣಗಳ ಮೂಲಕ ವಾತಾವರಣದ ಉಷ್ಣಾಂಶ, ತೇವಾಂಶ ಗ್ರಹಿಸುವ ಸೌಂಡರ್ ಉಪಕರಣವಿದೆ. ಆದರೆ ದಟ್ಟ ಮೋಡವನ್ನು ಭೇದಿಸಿ ನೋಡುವ ಶಕ್ತಿ ಈ ಕಿರಣಗಳಿಗಿಲ್ಲ. ಮುನ್ಸೂಚನೆ ಅತ್ಯಗತ್ಯವಾದ ದಿನವೇ ಉಪಗ್ರಹದ ಕಣ್ಣಿಗೆ ಪರದೆ ಬೀಳುತ್ತದೆ. ಬಲೂನಾದರೋ ಮೋಡದೊಳಗೇ ಹಾದುಹೋಗುತ್ತದೆ. ಉಪಗ್ರಹದ ಅಂಕಿಅಂಶಗಳನ್ನು ಒರೆಗೆ ಹಚ್ಚಲೂ ಅದೇ ಆಧಾರ.

ಬೆಂಗಳೂರಿನ ಬಾನಿನ ಲೆಕ್ಕವನ್ನು ಬಂಡೀಪುರದ ಕಾಡು, ಬಿಳಿಗಿರಿರಂಗನ ಬೆಟ್ಟದ ಸಾಲು ಸುತ್ತುವರಿದ ಸೀಮೆಗೆ ಹಾಗೆಯೇ ಅನ್ವಯಿಸುವುದು ಎಷ್ಟು ಸರಿ? ವರ್ಷವಿಡೀ ಅಲ್ಲದಿದ್ದರೂ ಮುಂಗಾರುಪೂರ್ವದ ಎರಡು ತಿಂಗಳಾದರೂ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂತಹ ನೆಲೆಯಿಂದ ಬಲೂನು ಹಾರಿಸುವ ಯೋಜನೆಯನ್ನು ಹವಾಮಾನ ಇಲಾಖೆ ಮತ್ತು ರಾಜ್ಯ ಸರ್ಕಾರ ಕೂಡಿ ರೂಪಿಸಬೇಕು. ಒಂದೆರಡು ವರ್ಷದಲ್ಲಿ ಪವಾಡ ನಡೆಯದು. ಆದರೆ ಮಳೆ ಬಾರದೆ ಹೋದ ಮೇಲೆ ಬರ ಪರಿಹಾರ ಎಣಿಸುವುದಕ್ಕಿಂತ, ಬಿತ್ತುವ ಮುನ್ನ ರೈತನಿಗೆ ನಂಬಲರ್ಹ ಮಾತು ಹೇಳುವುದು ಮೇಲು.