ಅರ್ಧ ಇತಿಹಾಸಕ್ಕೆ ಪೂರ್ತಿ ಬಾಡಿಗೆ

‘ಬ್ರಿಟಿಷರ ಕಾಲದ ಸೊಬಗು’ ಎಂಬ ಮಾತು ನಮ್ಮ ಪ್ರವಾಸ ಬರಹಗಳಲ್ಲಿ ಇನ್ನೂ ಹೊಗಳಿಕೆಯಾಗಿಯೇ ಉಳಿದಿದೆ. ಈ ಮಾತಿನ ಬಗ್ಗೆ ನನಗೆ ತಕರಾರಿದೆ.

ಸಂಶೋಧನೆಯ ಕೆಲಸಕ್ಕೆಂದು ಶ್ರೀಲಂಕಾಕ್ಕೆ ಹೋದಾಗ ನುವಾರ ಎಲಿಯದ ಚಹಾ ಬೆಟ್ಟಗಳ ನಡುವೆ ಅಂಥದೊಂದು ಹೋಟೆಲಿನಲ್ಲಿ ಎರಡು ರಾತ್ರಿ ತಂಗಿದ್ದೆ. ಉರಿಯುವ ಅಗ್ಗಿಷ್ಟಿಕೆ, ಹಾಸಿಗೆಯೊಳಗೆ ಬಿಸಿನೀರಿನ ಚೀಲ, ಕಿಟಕಿಯಾಚೆ ಗುಲಾಬಿ, ಗೋಡೆಯ ಮೇಲೆ ಜಿಂಕೆಯ ಕೊಂಬು, ಟೋಪಿ ಹಾಕಿದ ದೊರೆಗಳ ಫೋಟೊ. ಹಿತವಾಗಿಯೇ ಇತ್ತು. ಆ ಚಳಿಯಲ್ಲಿ ಬೆಂಕಿ ಯಾರಿಗೆ ಬೇಡ? ನನ್ನ ಜಗಳ ಆ ಗೋಡೆಯ ಜೊತೆ.

ಅಲ್ಲಿ ಎಲೆ ಕಿತ್ತವರು ಒಬ್ಬರೂ ಇರಲಿಲ್ಲ. 1867ರಲ್ಲಿ ಕ್ಯಾಂಡಿಯ ಬಳಿ ಚಹಾ ತೋಟ ಹಾಕಿದ ಜೇಮ್ಸ್ ಟೇಲರನ ಕಥೆ ಮೆನು ಕಾರ್ಡಿನಲ್ಲೇ ಇತ್ತು. ಕಂಕಾಣಿಗಳು ಮುಂಗಡ ಸಾಲ ಕೊಟ್ಟು ತಮಿಳು ಸೀಮೆಯಿಂದ ಕರೆತಂದ ಕೂಲಿಗಳ ಕಥೆ ಎಲ್ಲೂ ಇರಲಿಲ್ಲ. 1948ರ ಪೌರತ್ವ ಕಾಯ್ದೆ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಲ್ಲಿ ಎರಡು ಸರ್ಕಾರಗಳು ಅವರನ್ನು ಪಾಲು ಮಾಡಿಕೊಂಡವು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದವರ ವಿಚಾರ ಆಮೇಲೆ.

ಇದು ಪರದೇಶದ ಸಂಗತಿ ಎನ್ನುವವರು ಸುಳ್ಯ, ಪುತ್ತೂರಿನ ಕಡೆ ಹೋಗಿ ನೋಡಲಿ. ಹಾಗೆ ಪಾಲಾಗಿ ಬಂದವರಲ್ಲಿ ಕೆಲವರಿಗೆ ಸಿಕ್ಕಿದ್ದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ. ಚಹಾ ಚಿಗುರು ಕಿತ್ತ ಕೈಗಳು ಇಲ್ಲಿ ರಬ್ಬರ್ ಟ್ಯಾಪಿಂಗ್ ಕಲಿತವು.

‘ರಜೆಗೆ ಹೋದವರಿಗೆ ಇತಿಹಾಸದ ಪಾಠ ಯಾಕೆ?’ ಎಂದು ಗೆಳೆಯರು ಕೇಳುತ್ತಾರೆ. ಆದರೆ ಹೋಟೆಲು ಮಾರುತ್ತಿರುವುದೇ ಇತಿಹಾಸವನ್ನು! ಬರೀ ಹಾಸಿಗೆ, ಊಟಕ್ಕಾದರೆ ಅಷ್ಟು ಬಾಡಿಗೆ ಯಾರೂ ಕೊಡುವುದಿಲ್ಲ. ಅರ್ಧ ಇತಿಹಾಸ ಕೊಟ್ಟು ಪೂರ್ತಿ ದುಡ್ಡು ಎಣಿಸಿಕೊಳ್ಳುವುದನ್ನು ಬೇರೆ ಯಾವ ಅಂಗಡಿಯಲ್ಲೂ ನಾವು ಒಪ್ಪುವುದಿಲ್ಲ.

ಬಂಗಲೆಯೂ ಲೈನ್ ಮನೆಯೂ ಒಂದೇ ಕಾಲದ, ಒಂದೇ ತೋಟದ ಕಟ್ಟಡಗಳು. ಒಂದಕ್ಕೆ ‘ಪಾರಂಪರಿಕ’ ಎಂಬ ಫಲಕ ಬಿತ್ತು. ಇನ್ನೊಂದಕ್ಕೆ ಬೀಳಲಿಲ್ಲ, ಯಾಕೆಂದರೆ ಹತ್ತಡಿಗೆ ಹನ್ನೆರಡಡಿಯ ಆ ಕೋಣೆಗಳಲ್ಲಿ ಈಗಲೂ ಸಂಸಾರಗಳಿವೆ. ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳನ್ನು ಹಾಡಿ ಹೊಗಳುವ ನಮ್ಮ ಲೇಖಕರೂ ಲೈನ್ ಮನೆಗಳ ಮುಂದೆಯೇ ಹಾದು ಹೋಗಿರುತ್ತಾರೆ.

ಸೊಬಗನ್ನು ಬರೆಯಿರಿ, ಬೇಡವೆನ್ನುವುದಿಲ್ಲ. ಅಗ್ಗಿಷ್ಟಿಕೆಗೆ ಸೌದೆ ಹೊತ್ತವರ ಮನೆಯ ಅಳತೆಯನ್ನೂ ಅದೇ ಪುಟದಲ್ಲಿ ಬರೆಯಿರಿ.